ಪ್ರಮಾಣವಚನಕ್ಕೆ ತಡೆ: ಶಾಸಕ ಜೂಲಿಯನ್ ಬಾಂಡ್

ಸಭಿಕರೇ, ಅಮೆರಿಕದ ಕಪ್ಪು ಜನರ ಹೋರಾಟದ ಹಿನ್ನೆಲೆ ನಿಮಗೆಲ್ಲ ಗೊತ್ತಿದೆ. ಹಾಗಾಗಿ ನೇರವಾಗಿ 1966ರ ಜನವರಿ 10ಕ್ಕೆ ಬರುತ್ತೇನೆ. ಅಟ್ಲಾಂಟಾದಲ್ಲಿ ಜಾರ್ಜಿಯಾ ರಾಜ್ಯದ ಕೆಳಮನೆ ಸೇರಿದೆ. ಹೊಸ ಸದಸ್ಯರು ಪ್ರಮಾಣವಚನ ಸ್ವೀಕರಿಸುತ್ತಿದ್ದಾರೆ. ಆ ಹೋರಾಟದಿಂದ ಬಂದ ಕಪ್ಪು ಯುವಕ ಜೂಲಿಯನ್ ಬಾಂಡ್ ಒಬ್ಬರಿಗೆ ಮಾತ್ರ ಸದನದ ಕಾರ್ಯದರ್ಶಿ ಪ್ರಮಾಣ ಬೋಧಿಸಲಿಲ್ಲ. ಅವರ ವಯಸ್ಸು ಆಗ ಬರೀ 25.

ಗೆದ್ದದ್ದರಲ್ಲಿ ಅನುಮಾನವೇ ಇರಲಿಲ್ಲ. 136ನೇ ಕ್ಷೇತ್ರದಲ್ಲಿ ಅವರಿಗೆ 2,320 ಮತ, ಎದುರಾಳಿಗೆ 487. ತಕರಾರು ಬೇರೆಯದು. ಬಾಂಡ್ ದುಡಿಯುತ್ತಿದ್ದ ವಿದ್ಯಾರ್ಥಿ ಸಂಘಟನೆ ಜನವರಿ 6ರಂದು ವಿಯೆಟ್ನಾಂ ಯುದ್ಧವನ್ನು ಖಂಡಿಸಿ ಹೇಳಿಕೆ ಕೊಟ್ಟಿತ್ತು. ಅದನ್ನು ಬರೆದವರು ಬಾಂಡ್ ಅಲ್ಲ. ವರದಿಗಾರ ಕೇಳಿದಾಗ ಒಪ್ಪಿಗೆ ಇದೆ ಎಂದರು, ಅಷ್ಟೇ. ಕೂಡಲೇ 75 ಶಾಸಕರು ಆಕ್ಷೇಪಣಾ ಅರ್ಜಿ ಹಾಕಿದರು.

ಸದನದ ಸಮಿತಿ ನಡೆಸಿದ ವಿಚಾರಣೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಇಡೀ ವಿಷಯದ ಬೇರು ಅಲ್ಲಿದೆ. ಡ್ರಾಫ್ಟ್ ಕಾರ್ಡ್, ಅಂದರೆ ಕಡ್ಡಾಯ ಸೇನಾ ಸೇವೆಯ ನೋಂದಣಿ ಚೀಟಿ ಸುಡುವವರ ಧೈರ್ಯವನ್ನು ಮೆಚ್ಚುತ್ತೀರಾ ಎಂಬ ಪ್ರಶ್ನೆ ಎದ್ದಿತ್ತು. ಬಾಂಡ್ ಕೊಟ್ಟ ಉತ್ತರ: ಪರಿಣಾಮ ಗೊತ್ತಿದ್ದೂ ತಮ್ಮ ನಂಬಿಕೆಗಾಗಿ ಹೆಜ್ಜೆ ಇಡುವವರನ್ನು ಮೆಚ್ಚುತ್ತೇನೆ, ಆದರೆ ಸುಡಿ ಎಂದು ಯಾರಿಗೂ ಹೇಳಿಲ್ಲ, ನನ್ನ ಕಾರ್ಡ್ ನನ್ನ ಜೇಬಲ್ಲೇ ಇದೆ, ಬೇಕಾದರೆ ತೋರಿಸುತ್ತೇನೆ. ಸಮಿತಿ ಅವರ ವಿರುದ್ಧವೇ ಶಿಫಾರಸು ಮಾಡಿತು. ಸದನ 184–12ರಿಂದ ಹೊರಗಿಟ್ಟಿತು.

ಸದನ ಎಡವಿದ್ದು ಇಲ್ಲೇ. ಸದಸ್ಯನ ಅರ್ಹತೆ ತೀರ್ಮಾನಿಸುವ ಅಧಿಕಾರ ಸದನಕ್ಕೆ ಇದ್ದದ್ದು ನಿಜ. ಆದರೆ ಅರ್ಹತೆ ಅಂದರೆ ವಯಸ್ಸು, ವಾಸದಂಥ ಸಂವಿಧಾನದಲ್ಲಿ ಬರೆದ ಷರತ್ತುಗಳು. ಅವುಗಳಲ್ಲಿ ಬಾಂಡ್‌ಗೆ ಯಾವ ಕೊರತೆಯೂ ಇರಲಿಲ್ಲ. ಸದನ ಹಿಡಿದ ದಾರಿಯೇ ಬೇರೆ: ಸಂವಿಧಾನವನ್ನು ಎತ್ತಿಹಿಡಿಯುವ ಪ್ರಮಾಣವನ್ನು ಈತ ಮನಃಪೂರ್ವಕವಾಗಿ ಮಾಡಲಾರ ಎಂದಿತು. ಒಬ್ಬನ ಮನಸ್ಸಿನ ಪ್ರಾಮಾಣಿಕತೆಯನ್ನು ಬಹುಮತ ತೂಗಲು ಹೊರಟರೆ, ಭಿನ್ನಮತದ ಯಾವ ಶಾಸಕ ಉಳಿಯುತ್ತಾನೆ?

ಬಾಂಡ್ ಕೋರ್ಟಿಗೆ ಹೋದರು. ಕೆಳ ಕೋರ್ಟಿನ ಮೂವರು ನ್ಯಾಯಾಧೀಶರ ಪೀಠದಲ್ಲಿ 2–1ರಲ್ಲಿ ಸೋತರು. ಖಾಲಿಯಾದ ಸ್ಥಾನಕ್ಕೆ ಉಪಚುನಾವಣೆ ನಡೆಯಿತು, ಅದರಲ್ಲೂ ಬಾಂಡ್ ಅವರೇ ಗೆದ್ದರು. ಮತ್ತೆ ಬಾಗಿಲು ಮುಚ್ಚಿತು. ನವೆಂಬರ್‌ನಲ್ಲಿ ಮೂರನೇ ಗೆಲುವು. ಡಿಸೆಂಬರ್ 5ರಂದು ಸುಪ್ರೀಂ ಕೋರ್ಟ್ ಸರ್ವಾನುಮತದ ತೀರ್ಪು ಕೊಟ್ಟಿತು. ಬರೆದವರು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್. ಸರ್ಕಾರದ ನೀತಿಯನ್ನು ಟೀಕಿಸುವ ಹಕ್ಕು ಸಾಮಾನ್ಯ ನಾಗರಿಕನಿಗಿಂತ ಶಾಸಕನಿಗೆ ಕಡಿಮೆಯಾಗಲಾರದು ಎಂಬುದು ಅದರ ಸಾರ. 1967ರ ಜನವರಿಯಲ್ಲಿ ಬಾಂಡ್ ಆಸನದಲ್ಲಿ ಕುಳಿತರು.

ಸಮಯ ಮೀರುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. 1968ರ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ದೇಶದ ಉಪಾಧ್ಯಕ್ಷ ಸ್ಥಾನಕ್ಕೆ ಅವರ ಹೆಸರು ಬಂತು; ಆ ಹುದ್ದೆಗೆ ಬೇಕಾದ 35 ವರ್ಷ ತುಂಬದ ಕಾರಣ ಹಿಂದೆ ಸರಿದರು. ಇದು ನಿಜವಾದ ಅರ್ಹತೆಯ ಷರತ್ತು, ಅದನ್ನು ಅವರು ಒಪ್ಪಿಕೊಂಡರು, ಗಮನಿಸಿ. 1975ರಿಂದ 1987ರವರೆಗೆ ರಾಜ್ಯದ ಮೇಲ್ಮನೆಯಲ್ಲಿದ್ದರು. ಕ್ಷೇತ್ರ ಮರುವಿಂಗಡಣೆಯಲ್ಲಿ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತಿಗೆ ಸದಸ್ಯನನ್ನು ಕಳಿಸುವ ಅಟ್ಲಾಂಟಾದ ಐದನೇ ಕ್ಷೇತ್ರ ಕಪ್ಪು ಮತದಾರರ ಬಹುಮತದ್ದಾಗಲಿ ಎಂದು ಹೋರಾಡಿದರು. 1986ರಲ್ಲಿ ಅದೇ ಕ್ಷೇತ್ರಕ್ಕಾಗಿ ಪಕ್ಷದೊಳಗಿನ ಅಭ್ಯರ್ಥಿ ಆಯ್ಕೆಯ ಸ್ಪರ್ಧೆಗೆ ಇಳಿದರು. ಮೊದಲ ಸುತ್ತಿನಲ್ಲಿ ಮುಂದಿದ್ದರೂ ಅರ್ಧಕ್ಕಿಂತ ಹೆಚ್ಚು ಮತ ಸಿಗಲಿಲ್ಲ. ಜಾರ್ಜಿಯಾದ ನಿಯಮದಂತೆ ಎರಡನೇ ಸುತ್ತು ನಡೆಯಿತು. ಗೆದ್ದವರು ಹೋರಾಟದ ದಿನಗಳ ಒಡನಾಡಿ ಜಾನ್ ಲೂಯಿಸ್.