ಮಾತಿಗಾಗಿ ಕಾಯಬೇಡಿ, ಪೆಟ್ಟನ್ನು ಹಿಡಿಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರದ ಸುತ್ತಮುತ್ತ ಜಾತ್ರೆ, ಮದುವೆಗಳಿಗೆ ಮೈಕ್ ಸೆಟ್ ಕೊಡುವುದು ನನ್ನ ಕಸುಬು. ಜೊತೆಗೆ ಚಿಕ್ಕದೊಂದು ರೆಕಾರ್ಡಿಂಗ್ ಕೋಣೆಯನ್ನೂ ನಡೆಸುತ್ತೇನೆ. ಈ ಹೊತ್ತಿನಲ್ಲಿ ನಿಮ್ಮಲ್ಲಿ ಕೆಲವರು ತೋಟದ ಮೋಟಾರಿಗೆ ಕರೆಂಟು ಬರಲೆಂದು ಕಾಯುತ್ತಿರುತ್ತೀರಿ, ಕೆಲವರು ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿರುತ್ತೀರಿ, ಮಕ್ಕಳು ಪರೀಕ್ಷೆಗೆ ಓದುತ್ತಿರುತ್ತಾರೆ. ನಾನು ಇಂದು ಹೇಳಲಿರುವ ಸಂಗೀತ ಇಂಥ ಹೊತ್ತಿಗೆ ಹೇಳಿ ಮಾಡಿಸಿದ್ದು. ಅದನ್ನು ಡೌನ್‌ಟೆಂಪೊ ಎನ್ನುತ್ತಾರೆ, ಟ್ರಿಪ್ ಹಾಪ್ ಎನ್ನುತ್ತಾರೆ. ಹೆಸರು ಏನಾದರೂ ಇರಲಿ. ಅಮೆರಿಕದ ಹಿಪ್ ಹಾಪ್ ಸಂಗೀತದ ಡ್ರಮ್ಮು, ಆದರೆ ನಿಧಾನದ ನಡೆ. ಕುಣಿಸುವ ಹಾಡು ನಿಮಿಷಕ್ಕೆ 120 ಪೆಟ್ಟು ಹೊಡೆದರೆ, ಇದು 80–90ರ ಆಸುಪಾಸಿನಲ್ಲಿ ನಡೆಯುತ್ತದೆ.

ಯಾರಿಗೆ ಕೇಳಿಸಿದರೂ ಒಂದೇ ಪ್ರಶ್ನೆ: "ಹಾಡು ಯಾವಾಗ ಶುರುವಾಗುತ್ತದೆ?" ಅಯ್ಯಾ, ಶುರುವಾಗಿ ಎರಡು ನಿಮಿಷವಾಯಿತು! ನಮಗೆ ಸಾಹಿತ್ಯ ಬರುವವರೆಗೂ ಕಿವಿ ತೆರೆಯದ ಅಭ್ಯಾಸ. ಇಲ್ಲಿ ಎಷ್ಟೋ ಸಲ ಸಾಹಿತ್ಯವೇ ಇರುವುದಿಲ್ಲ. ಆದ್ದರಿಂದ ಮಾತಿಗಾಗಿ ಕಾಯಬೇಡಿ, ಪೆಟ್ಟನ್ನು ಹಿಡಿಯಿರಿ.

ಇದರ ಮೂಲವೂ ಪೆಟ್ಟೇ. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಕೂಲ್ ಹರ್ಕ್ ಎಂಬ ಯುವಕ ಒಂದು ವಿಷಯ ಗಮನಿಸಿದ. ಹಾಡುಗಾರಿಕೆ ನಿಂತು ಬರೀ ಡ್ರಮ್ಮು ನುಡಿಯುವ ತುಣುಕು ಬಂದಾಗಲೇ ಜನ ಹೆಚ್ಚು ಕುಣಿಯುತ್ತಿದ್ದರು. ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಯಂತ್ರಗಳ ಮೇಲಿಟ್ಟು, ಆ ತುಣುಕನ್ನೇ ಮತ್ತೆ ಮತ್ತೆ ನುಡಿಸಿ ಅವನು ಅದನ್ನು ಉದ್ದ ಮಾಡಿದ. ಹಿಪ್ ಹಾಪ್ ಹುಟ್ಟಿದ್ದು ಹಾಗೆ. ಅದನ್ನು ಇಂಗ್ಲೆಂಡಿನ ಬ್ರಿಸ್ಟಲ್ ಊರಿನವರು ನಿಧಾನಗೊಳಿಸಿದರು. 1991ರಲ್ಲಿ ಮ್ಯಾಸಿವ್ ಅಟ್ಯಾಕ್ ತಂಡದ 'ಬ್ಲೂ ಲೈನ್ಸ್' ಆಲ್ಬಂ ಬಂತು, 1994ರಲ್ಲಿ ಪೋರ್ಟಿಸ್‌ಹೆಡ್ ತಂಡದ 'ಡಮ್ಮಿ'.

ಈಗ ನಂದಿಯ ಶಿವರಾತ್ರಿ ಜಾತ್ರೆಯ ಒಂದು ಸಂಜೆಯ ವಿಷಯ ಹೇಳಲೇಬೇಕು. ಭೋಗನಂದೀಶ್ವರನ ಗುಡಿಯಿಂದ ಸ್ವಲ್ಪ ದೂರದಲ್ಲಿ ಸ್ಪೀಕರ್ ಪೆಟ್ಟಿಗೆಗಳನ್ನು ಜೋಡಿಸಿ ಪರೀಕ್ಷಿಸುತ್ತಿದ್ದೆ. ಕೆಳದನಿ, ಅಂದರೆ ಬೇಸ್, ಸರಿಯಾಗಿ ಬರುತ್ತಿದೆಯೇ ಎಂದು ನೋಡಲು ನಾನು ಯಾವಾಗಲೂ ಹಾಕುವುದು ಅಮೆರಿಕದ ಡೆಟ್ರಾಯಿಟ್‌ನ ಹಿಪ್ ಹಾಪ್ ಸಂಗೀತಗಾರ ಜೆ ಡಿಲ್ಲಾ ಅವರ 'ಡೋನಟ್ಸ್' ಆಲ್ಬಂ. ಪಕ್ಕದಲ್ಲೇ ತಮಟೆಯವರು ಒಣಹುಲ್ಲಿಗೆ ಬೆಂಕಿ ಹಚ್ಚಿ ಚರ್ಮ ಕಾಯಿಸುತ್ತಿದ್ದರು. ಅವರಲ್ಲಿ ಹಿರಿಯರೊಬ್ಬರು ತಮಟೆಯನ್ನು ಬೆಂಕಿಯಿಂದ ಹಿಂದಕ್ಕೆ ತೆಗೆದು, ತಲೆ ವಾಲಿಸಿ ನಿಂತರು. ಆಮೇಲೆ ತೆಳ್ಳನೆಯ ಕಡ್ಡಿಯಿಂದ ತಮಟೆಯ ಅಂಚನ್ನು ಮೆಲ್ಲಗೆ ತಟ್ಟತೊಡಗಿದರು. ಒಂದು ಸುತ್ತು ತಟ್ಟಿ ನಿಲ್ಲಿಸಿದರು, ಮತ್ತೆ ಹಿಡಿದರು. "ಏನಪ್ಪಾ, ಇವನು ಎರಡನೇ ಪೆಟ್ಟನ್ನು ಬೇಕೆಂದೇ ತಡ ಮಾಡುತ್ತಿದ್ದಾನಲ್ಲ! ಬಲಗೈ ಮುಂದೆ ಹೋದರೂ ಎಡಗೈ ಬರುತ್ತಿಲ್ಲ" ಎಂದರು. ಇದು ಯಂತ್ರ ಎಂದೆ. "ಯಂತ್ರವಾದರೇನು, ಒತ್ತಿದ್ದು ಕೈ ತಾನೇ?" ಎಂದು ಮತ್ತೆ ತಟ್ಟತೊಡಗಿದರು. ಅವರ ಹುಡುಗರೂ ಸೇರಿಕೊಂಡರು. ಉತ್ಸವ ಹೊರಡಲು ಕರೆ ಬರುವವರೆಗೂ ಅವರು ನನ್ನ ಪೆಟ್ಟಿಗೆಯ ಮುಂದಿನಿಂದ ಕದಲಲಿಲ್ಲ.

ಎಷ್ಟು ಸರಿಯಾಗಿ ಹಿಡಿದರು ನೋಡಿ! ಡಿಲ್ಲಾ ಹೆಚ್ಚಾಗಿ ಬಳಸುತ್ತಿದ್ದುದು ಅಕೈ ಕಂಪನಿಯ ಎಂಪಿಸಿ ಎಂಬ ಯಂತ್ರ. ಅದರ ಮೇಲೆ ಹದಿನಾರು ರಬ್ಬರ್ ಗುಂಡಿಗಳಿರುತ್ತವೆ. ಒಂದೊಂದು ಗುಂಡಿಗೂ ಹಳೆಯ ರೆಕಾರ್ಡಿನಿಂದ ಕತ್ತರಿಸಿದ ಒಂದೊಂದು ಸದ್ದನ್ನು ಕಟ್ಟಬಹುದು. ಬೆರಳಿನ ಪೆಟ್ಟು ಹಿಂದೆಮುಂದೆ ಆದರೆ ತಾನೇ ತಿದ್ದಿ ಸಾಲಿಗೆ ನಿಲ್ಲಿಸುವ ಅನುಕೂಲವೂ ಯಂತ್ರದಲ್ಲಿದೆ. ಡಿಲ್ಲಾ ಅನೇಕ ಸಲ ಆ ತಿದ್ದುಪಡಿಯನ್ನು ಬಳಸದೆ ಬೆರಳು ಬಿದ್ದಲ್ಲೇ ಪೆಟ್ಟನ್ನು ಉಳಿಸಿದರು. 'ಡೋನಟ್ಸ್' ಬಿಡುಗಡೆಯಾದದ್ದು 2006ರ ಫೆಬ್ರವರಿ 7ರಂದು, ಅವರ 32ನೇ ಹುಟ್ಟುಹಬ್ಬದ ದಿನ. ಮೂರು ದಿನಕ್ಕೆ ಅವರು ತೀರಿಕೊಂಡರು. ಅವರ ಎಂಪಿಸಿ ಇಂದು ವಾಷಿಂಗ್ಟನ್‌ನ ವಸ್ತುಸಂಗ್ರಹಾಲಯದಲ್ಲಿದೆ.

ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂದ ಜಿಲ್ಲೆ ನಮ್ಮದು. ಇಲ್ಲಿ ಹುಟ್ಟಿದ ಕಿವಿಗೆ ಈ ಸಂಗೀತ ಅರ್ಥವಾಗುವುದಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ಮಾತಿಗಾಗಿ ಕಾಯಬೇಡಿ, ಪೆಟ್ಟನ್ನು ಹಿಡಿಯಿರಿ, ಅಷ್ಟೇ.

ಸಮಯ ಮುಗಿಯಿತೆಂದು ಕೈ ತೋರಿಸುತ್ತಿದ್ದಾರೆ. ಜಪಾನಿನ ನುಜಾಬೆಸ್ ಅವರನ್ನು ಕೇಳಿ. ಓದುವ ಮಕ್ಕಳಿಗೆ ಅವರು ಬಹಳ ಹಿಡಿಸುತ್ತಾರೆ. 1996ರಲ್ಲಿ ಹಳೆಯ ರೆಕಾರ್ಡುಗಳ ತುಣುಕುಗಳಿಂದಲೇ ಇಡೀ ಆಲ್ಬಂ ಕಟ್ಟಿದ ಡಿಜೆ ಶ್ಯಾಡೋ ಇದ್ದಾರೆ. ನಮ್ಮ ದೇಶದ ಸಿನಿಮಾ ಸಂಗೀತವನ್ನೇ ಕತ್ತರಿಸಿ ಹೊಸದು ಮಾಡಿದ ಮ್ಯಾಡ್‌ಲಿಬ್ ಇದ್ದಾರೆ.

ಒಂದು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ: ಮೊಬೈಲಿನ ಸ್ಪೀಕರಿನಲ್ಲಿ ಕೇಳಬೇಡಿ. ಕಡಲೆ ಗಾತ್ರದ ಆ ಸ್ಪೀಕರಿಗೆ ಕೆಳದನಿ ಹೊರಡಿಸುವ ಶಕ್ತಿ ಇಲ್ಲ. ಅರ್ಧ ಸಂಗೀತ ಅಲ್ಲೇ ಸತ್ತುಹೋಗುತ್ತದೆ. ಇಯರ್‌ಫೋನ್ ಹಾಕಿಕೊಂಡು 'ಡಮ್ಮಿ'ಯಿಂದ ಶುರುಮಾಡಿ. ಆ ತಂಡದವರು ತಾವು ನುಡಿಸಿದ್ದನ್ನೇ ರೆಕಾರ್ಡ್ ತಟ್ಟೆಗೆ ಅಚ್ಚು ಹಾಕಿಸಿ, ಅದರಿಂದ ಮತ್ತೆ ತುಣುಕು ತೆಗೆದು ಬಳಸಿದ್ದಾರೆ; ಮುಳ್ಳಿನ ಚಟಪಟ ಸದ್ದು ಕೇಳಿಸುತ್ತದೆ. ಮೊದಲ ಸಲ ಸುಮ್ಮನೆ ಕೇಳಿ. ಎರಡನೇ ಸಲ ಗಾಯಕಿಯನ್ನು ಬಿಟ್ಟು ಡ್ರಮ್ಮಿನ ಹಿಂದೆಯೇ ಹೋಗಿ. ನಮಸ್ಕಾರ.