ಲೇತ್ ಕೊಳ್ಳುವ ಮುಂಚೆ ಬೆಡ್ ನೋಡಿ

ಎಲ್ಲರಿಗೂ ನಮಸ್ಕಾರ. ಹಾಸನದವರೂ ಇದ್ದೀರಿ, ಸಕಲೇಶಪುರ, ಬೇಲೂರು ಕಡೆಯಿಂದ ಬಂದವರೂ ಇದ್ದೀರಿ. ಲೇತ್, ಅಂದರೆ ಲೋಹದ ತುಂಡನ್ನು ತಿರುಗಿಸಿ ಕಡೆಯುವ ಮೆಷಿನ್, ಕೊಳ್ಳುವಾಗ ಏನು ನೋಡಬೇಕು, ಅದರಲ್ಲೂ ಬೆಡ್, ಅಂದರೆ ಉಳಿದ ಭಾಗವೆಲ್ಲ ಕೂರುವ ಉದ್ದನೆಯ ತಳ, ಹೇಗೆ ನೋಡಬೇಕು ಅನ್ನುವ ವಿಷಯಕ್ಕೆ ನೇರವಾಗಿ ಬರುತ್ತೇನೆ.

ಹೊಸ ಮೆಷಿನ್ ಅಂದ ಕೂಡಲೇ ಎಲ್ಲರೂ ಕೇಳುವುದು, ಸಿಎನ್‌ಸಿ, ಅಂದರೆ ಕಂಪ್ಯೂಟರ್ ಪ್ರೋಗ್ರಾಮಿನಿಂದ ಓಡುವ ಮೆಷಿನ್, ತಗೊಳ್ಳೋದಾ ಬೇಡವಾ ಅಂತ. ಒಂದೇ ಥರದ ನೂರಾರು ಪೀಸಿನ ಆರ್ಡರ್ ಕೈಯಲ್ಲಿದ್ದರೆ ಖಂಡಿತ ತಗೊಳ್ಳಿ. ಆದರೆ ನಮ್ಮ ಬಾಗಿಲಿಗೆ ಬರುವ ಕೆಲಸ ಏನು? ಡಿಸೆಂಬರ್ ಬಂತು ಅಂದರೆ ಕಾಫಿ ಕೊಯ್ಲು, ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರಿನ ಶಾಫ್ಟ್ ಸವೆದಿದೆ, ಶಾಫ್ಟ್ ಕೂತು ತಿರುಗುವ ಬುಷ್ ಹೋಗಿದೆ, ಕಿತ್ತ ಹಣ್ಣು ರಾಶಿ ಬಿದ್ದಿದೆ, ಸಂಜೆಯೊಳಗೆ ಬೇಕೇ ಬೇಕು ಅಂತ ತೋಟದವರು ಜೀಪಿನಲ್ಲಿ ಹೊತ್ತು ತರುತ್ತಾರೆ. ಇಂಥ ಒಂಟಿ ಪೀಸಿಗೆ ಪ್ರೋಗ್ರಾಮ್ ಬರೆಯುವಷ್ಟರಲ್ಲಿ ಸಾದಾ ಲೇತ್‌ನಲ್ಲಿ ಕೆಲಸವೇ ಮುಗಿದಿರುತ್ತದೆ.

ಅಳತೆಯ ವಿಷಯ ಬೇಗ ಹೇಳುತ್ತೇನೆ. ಸ್ಪಿಂಡಲ್ ಬೋರ್, ಅಂದರೆ ತುಂಡನ್ನು ತಿರುಗಿಸುವ ಸ್ಪಿಂಡಲ್ಲಿನ ನಡುವಿನ ತೂತು, 52 ಮಿ.ಮೀ. ಇದ್ದರೆ 50ರ ಶಾಫ್ಟ್ ಒಳಗೆ ಹೋಗುತ್ತದೆ. ದೊಡ್ಡ ಪುಲ್ಲಿ ಜಾಸ್ತಿ ಬರುತ್ತದೆ ಅನ್ನುವವರು, ದೊಡ್ಡದು ತಿರುಗಲು ಜಾಗ ಆಗುವಂತೆ ಒಂದು ತುಂಡು ಬಿಚ್ಚಲು ಬರುವ ಗ್ಯಾಪ್ ಬೆಡ್ ನೋಡಿ, ಆದರೆ ಗ್ಯಾಪಿನ ತುಂಡನ್ನು ಸುಮ್ನೆ ಬಿಚ್ಚಬೇಡಿ, ಮತ್ತೆ ಕೂರಿಸಿದಾಗ ಮೊದಲಿನ ಹಾಗೇ ಕೂರುವುದು ಕಷ್ಟ.

ಈಗ ಬೆಡ್. ಹೊಸ ಹಗುರ ಲೇತಿಗಿಂತ ಬೆಡ್ ಚೆನ್ನಾಗಿರುವ ಹಳೇ ಭಾರದ ಲೇತೇ ನನಗೆ ಮೇಲು. 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ, ಹರಿಹರದ ಮೈಸೂರು ಕಿರ್ಲೋಸ್ಕರ್, ಇವರ ಲೇತ್‌ಗಳಲ್ಲಿ ಎಷ್ಟೋ ಇನ್ನೂ ದುಡಿಯುತ್ತಿವೆ. ಆದರೆ ಹೆಸರು ನೋಡಿ ದುಡ್ಡು ಕೊಡಬೇಡಿ, ಹೊಸ ಪೇಂಟ್ ನೋಡಿಯಂತೂ ಬೇಡವೇ ಬೇಡ. ಹೆಚ್ಚಿನ ಕೆಲಸ ತುಂಡನ್ನು ಹಿಡಿಯುವ ಚಕ್ಕಿನ ಹತ್ತಿರವೇ ನಡೆಯುವುದರಿಂದ ಬೆಡ್ ಸವೆಯುವುದೂ ಅಲ್ಲೇ. ಅಲ್ಲಿ, ಟೂಲ್ ಹೊತ್ತು ಬೆಡ್ ಮೇಲೆ ಜಾರುವ ಸ್ಯಾಡಲ್ಲನ್ನು ಆಟ ಇಲ್ಲದ ಹಾಗೆ ಬಿಗಿ ಮಾಡಿ, ಆಮೇಲೆ ಎದುರು ತುದಿಯಲ್ಲಿ ಆಸರೆ ಕೊಡುವ ಟೇಲ್‌ಸ್ಟಾಕ್ ಕಡೆಗೆ ಹ್ಯಾಂಡಲ್ ತಿರುಗಿಸುತ್ತಾ ಹೋಗಿ. ದೂರ ಹೋದ ಹಾಗೆ ಹಿಡಿದುಕೊಂಡರೆ ಬೆಡ್ ಸವೆದಿದೆ ಅಂತಲೇ ಅರ್ಥ.

ಕಟ್ ಹಾಕಿಯೂ ನೋಡಬೇಕು, ಅಲ್ವಾ? 50 ಮಿ.ಮೀ. ರಾಡನ್ನು ಚಕ್ಕಿನಿಂದ 150 ಮಿ.ಮೀ. ಆಚೆ ಬಿಟ್ಟು, ಟೇಲ್‌ಸ್ಟಾಕ್ ಕೊಡದೆ, ತೆಳುವಾಗಿ ಒಂದು ಕಟ್ ಹಾಕಿಸಿ. ಎರಡೂ ತುದಿ ಮೈಕ್ರೋಮೀಟರಿನಲ್ಲಿ ಅಳೆಯಿರಿ. 0.02 ಮಿ.ಮೀ. ಒಳಗಿನ ವ್ಯತ್ಯಾಸವಾದರೆ ನಮ್ಮ ಬುಷ್-ಶಾಫ್ಟ್ ಕೆಲಸಕ್ಕೆ ಸಾಕು. ಜಾಸ್ತಿ ಬಂದರೆ ತಕ್ಷಣ ಮೆಷಿನ್ ಕೆಟ್ಟದ್ದು ಅನ್ನಬೇಡಿ, ಲೆವೆಲ್ ಸರಿ ಇಲ್ಲದೆ ಬೆಡ್ ತಿರುಚಿಕೊಂಡಿದ್ದರೂ ಟೇಪರ್, ಅಂದರೆ ಒಂದು ತುದಿ ದಪ್ಪ ಇನ್ನೊಂದು ಸಣ್ಣ, ಬರುತ್ತದೆ, ಅದನ್ನು ಸರಿ ಮಾಡಿಸಿ ಮತ್ತೆ ಅಳೆಯಿರಿ.

ಕೊನೆಗೆ ಕರೆಂಟು. ಮಲೆನಾಡಿನ ಕಡೆಯವರಿಗೆ ತ್ರೀ ಫೇಸ್ ಯಾವಾಗ ಬೇಕೋ ಆವಾಗ ಇರುವುದಿಲ್ಲ. ವಿಎಫ್‌ಡಿ, ಅಂದರೆ ಮೋಟಾರಿಗೆ ಹೋಗುವ ಕರೆಂಟನ್ನು ಬದಲಿಸಿ ಕೊಡುವ ಪೆಟ್ಟಿಗೆ, ಹಾಕಿದರೆ ಸಿಂಗಲ್ ಫೇಸಿನಲ್ಲೂ ಸಣ್ಣ ಮೋಟಾರ್ ಓಡಿಸಬಹುದು, ಆದರೆ ಸಾದಾ ವಿಎಫ್‌ಡಿಯಿಂದ ಹೊರಗೆ ಬರುವುದು 230 ವೋಲ್ಟ್ ತ್ರೀ ಫೇಸ್. ಸ್ಟಾರ್, ಡೆಲ್ಟಾ ಅಂದರೆ ಮೋಟಾರಿನ ವೈರು ಜೋಡಿಸುವ ಎರಡು ರೀತಿ. ಹಾಗಾಗಿ ಸ್ಟಾರ್‌ನಲ್ಲಿ 415 ವೋಲ್ಟಿಗೆ ಓಡುವ ಮೋಟಾರನ್ನು ಡೆಲ್ಟಾಕ್ಕೆ ಬದಲಿಸಿಕೊಳ್ಳಬೇಕು. ಡೆಲ್ಟಾದಲ್ಲೇ 415 ಅಂತಿದ್ದರೆ ಅದು ನಡೆಯುವುದಿಲ್ಲ. ಇದು ಮೋಟಾರಿನ ಪ್ಲೇಟಿನ ಮೇಲೆ ಬರೆದಿರುತ್ತದೆ, ಅಲ್ಲೇ ಒಂದು ಫೋಟೋ ತೆಗೆದು ನಿಮ್ಮ ವೈಂಡಿಂಗ್‌ನವರಿಗೆ ತೋರಿಸಿ, ಆಮೇಲೆ ಅಡ್ವಾನ್ಸ್ ಕೊಡಿ.