ಒಂದು ಚೂರು ಗಡ್ಡೆಯಲ್ಲಿ ಸಿಕ್ಕ ಜೀನ್

ಕೇಳುಗರಿಗೆಲ್ಲ ನಮಸ್ಕಾರ.

ಶ್ವಾಸಕೋಶದ ಕ್ಯಾನ್ಸರ್ ಅಂದ ಕೂಡಲೇ ನಮ್ಮ ಬಾಯಿಗೆ ಬರುವ ಮೊದಲ ಪ್ರಶ್ನೆ, "ಸಿಗರೇಟು ಸೇದುತ್ತಿದ್ದರಾ?" ಸಿಗರೇಟಿನ ಪಾಲು ದೊಡ್ಡದು, ನಿಜ. ಆದರೆ ಒಮ್ಮೆಯೂ ಸೇದದವರಿಗೂ ಈ ಕಾಯಿಲೆ ಬರುತ್ತದೆ. ನೋವಿನಲ್ಲಿರುವವರಿಗೆ ಆ ಪ್ರಶ್ನೆ ಎಷ್ಟು ಚುಚ್ಚುತ್ತದೆ, ಅಲ್ವಾ? ಹಾಗಾಗಿ ಇವತ್ತು ಬೇರೊಂದು ಪ್ರಶ್ನೆ ಕೇಳಿದವರ ಬಗ್ಗೆ ಮಾತಾಡುತ್ತೇನೆ.

ಅವರು ಜಪಾನಿನ ಹಿರೊಯುಕಿ ಮಾನೊ. ಮೂಲತಃ ರಕ್ತದ ಕಾಯಿಲೆಗಳ ವೈದ್ಯರು. ಕೆಲವು ರಕ್ತದ ಕ್ಯಾನ್ಸರ್‌ಗಳಲ್ಲಿ ಎರಡು ಜೀನ್‌ಗಳು ತುಂಡಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ ಎಂಬುದು ಆಗಲೇ ಗೊತ್ತಿತ್ತು. ಶ್ವಾಸಕೋಶದ ಗಡ್ಡೆಯಲ್ಲಿ ಅಂಥದ್ದು ಇರಲಿಕ್ಕಿಲ್ಲ ಎಂದೇ ಹೆಚ್ಚಿನವರು ನಂಬಿದ್ದರು. ಮಾನೊ ಮಾತ್ರ ಹುಡುಕಿಯೇ ಬಿಡೋಣ ಎಂದು ಹೊರಟರು.

ಹುಡುಕಿದ ರೀತಿ ನನಗೆ ತುಂಬಾ ಇಷ್ಟ. ಸಿಗರೇಟು ಸೇದುತ್ತಿದ್ದ 62 ವರ್ಷದ ಒಬ್ಬರ ಗಡ್ಡೆಯ ಚೂರನ್ನು ತೆಗೆದುಕೊಂಡರು. ಅದರಲ್ಲಿ ಕೆಲಸ ಮಾಡುತ್ತಿದ್ದ ಜೀನ್‌ಗಳ ನಕಲು ಮಾಡಿ, ವೈರಸ್‌ಗಳ ಮೂಲಕ ಇಲಿಯ ಜೀವಕೋಶಗಳೊಳಗೆ ಸೇರಿಸಿದರು. ಈ ಇಲಿಯ ಜೀವಕೋಶಗಳು ಶಿಸ್ತಿನವು. ಗಾಜಿನ ತಟ್ಟೆಯಲ್ಲಿ ಚಾಪೆ ಹಾಸಿದ ಹಾಗೆ ಒಂದೇ ಪದರವಾಗಿ ಬೆಳೆಯುತ್ತವೆ. ಪಕ್ಕದವರು ತಗುಲಿದರೆ ಸುಮ್ನೆ ನಿಂತುಬಿಡುತ್ತವೆ. ಆದರೆ ಕೆಲವು ಕಡೆ ನಿಲ್ಲಲಿಲ್ಲ. ಒಂದರ ಮೇಲೊಂದು ಹತ್ತಿ ಗುಪ್ಪೆಯಾದವು. ಆ ಗುಪ್ಪೆಯನ್ನು ಹೆಕ್ಕಿ, ಒಳಗೆ ಸೇರಿದ್ದ ಜೀನ್ ಯಾವುದು ಎಂದು ಓದಿದರು.

ಅಲ್ಲಿದ್ದದ್ದು ಜೋಡಿ ಜೀನ್. ಇಎಂಎಲ್‌4 ಎಂಬುದರ ತುಂಡು ಮುಂದೆ, ಆಲ್ಕ್ ಎಂಬುದರ ತುಂಡು ಹಿಂದೆ. ಎರಡೂ 2ನೇ ಕ್ರೋಮೋಸೋಮಿನಲ್ಲೇ ಇರುವಂಥವು. ಅದರ ಒಂದು ಭಾಗ ಮುರಿದು, ತಿರುವುಮುರುವಾಗಿ ಮತ್ತೆ ಅಂಟಿಕೊಂಡಿತ್ತು. ಆಲ್ಕ್ ಒಂದು ಸ್ವಿಚ್ ಇದ್ದಂತೆ, ಹೊರಗಿನಿಂದ ಸೂಚನೆ ಬಂದಾಗ ಮಾತ್ರ ಆನ್ ಆಗಬೇಕು. ಇಎಂಎಲ್‌4 ಅಂಟಿಕೊಂಡರೆ ಅದು ಆಫ್ ಆಗುವುದೇ ಇಲ್ಲ. 2007ರಲ್ಲಿ ಮನಾಬು ಸೋಡಾ ಮತ್ತು ಮಾನೊ ತಂಡ ಇದನ್ನು ಪ್ರಕಟಿಸಿತು. ಅವರು ನೋಡಿದ 75 ರೋಗಿಗಳಲ್ಲಿ 5 ಜನರಲ್ಲಿ ಈ ಜೋಡಿ ಇತ್ತು. ಸೇದುವವರ ಗಡ್ಡೆಯಲ್ಲಿ ಮೊದಲು ಸಿಕ್ಕ ಈ ಜೀನ್ ಜಾಸ್ತಿ ಕಾಣಿಸುವುದು ಸೇದದವರಲ್ಲಿ, ಅದರಲ್ಲೂ ಚಿಕ್ಕ ವಯಸ್ಸಿನವರಲ್ಲಿ ಎಂಬುದು ಆಮೇಲೆ ಗೊತ್ತಾಯಿತು.

ಆ ಹೊತ್ತಿಗೆ ಕ್ರಿಜೋಟಿನಿಬ್ ಎಂಬ ಮಾತ್ರೆ ಬೇರೊಂದು ಗುರಿಗೆಂದು ತಯಾರಾಗುತ್ತಿತ್ತು. ಅದು ಆಲ್ಕ್ ಸ್ವಿಚ್ಚನ್ನೂ ಅದುಮುತ್ತಿತ್ತು. ಪ್ರಯೋಗಕ್ಕಾಗಿ ಸುಮಾರು 1,500 ರೋಗಿಗಳನ್ನು ಪರೀಕ್ಷಿಸಿ, ಆಲ್ಕ್ ಬದಲಾವಣೆ ಇದ್ದ 82 ಜನರಿಗೆ ಕೊಟ್ಟರು. ಅರ್ಧಕ್ಕಿಂತ ಹೆಚ್ಚು ಜನರ ಗಡ್ಡೆ ಕುಗ್ಗಿತು. 2011ರಲ್ಲಿ ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿತು. ತಟ್ಟೆಯ ಮೇಲಿನ ಗುಪ್ಪೆಯಿಂದ ರೋಗಿಯ ಕೈಗೆ ಬರಲು ನಾಲ್ಕೇ ವರ್ಷ! ಈಗಿನ ಹೊಸ ಮಾತ್ರೆ ಲೋರ್ಲಾಟಿನಿಬ್ ಇನ್ನೂ ಮುಂದೆ ಹೋಗಿದೆ. ಕಾಯಿಲೆ ಹರಡಿದ್ದರೂ, ಮೊದಲ ಔಷಧಿಯಾಗಿ ಅದನ್ನೇ ತೆಗೆದುಕೊಂಡವರಲ್ಲಿ ಐದು ವರ್ಷ ಕಳೆದರೂ 100ಕ್ಕೆ 60ರಷ್ಟು ಜನರಲ್ಲಿ ಕಾಯಿಲೆ ಮುಂದುವರಿದಿರಲಿಲ್ಲ.

ಆದರೆ ಈ ಮಾತ್ರೆ ಯಾರಿಗೆ ಎಂದು ಮುಖ ನೋಡಿ ಹೇಳಲಾಗದು, ಎಕ್ಸ್‌ರೇ ನೋಡಿಯೂ ಹೇಳಲಾಗದು. ಪರೀಕ್ಷೆಯೇ ಬೇಕು. ಒಂದು ವಿಧಾನದಲ್ಲಿ ಆಲ್ಕ್ ಜೀನಿನ ಎರಡು ಬದಿಗೆ ಕೆಂಪು, ಹಸಿರು ಹೊಳೆಯುವ ಗುರುತು ಅಂಟಿಸುತ್ತಾರೆ. ಜೀನ್ ಸರಿಯಿದ್ದರೆ ಎರಡು ಚುಕ್ಕೆ ಕೂಡಿಕೊಂಡು ಹಳದಿಯಾಗಿ ಕಾಣುತ್ತವೆ. ಮುರಿದಿದ್ದರೆ ಕೆಂಪು ಒಂದು ಕಡೆ, ಹಸಿರು ಒಂದು ಕಡೆ. ಕತ್ತಲ ಕೋಣೆಯಲ್ಲಿ ಕೂತು, ಒಂದೊಂದೇ ಜೀವಕೋಶದ ಚುಕ್ಕೆಗಳನ್ನು ಎಣಿಸಬೇಕು. ಇನ್ನೊಂದು ವಿಧಾನ, ಆಲ್ಕ್ ಜೀನಿನಿಂದ ತಯಾರಾಗುವ ಪ್ರೋಟೀನನ್ನು ಬಣ್ಣ ಹಾಕಿ ನೋಡುವುದು. ಹಳೆಯ ಬಣ್ಣದಲ್ಲಿ ಶ್ವಾಸಕೋಶದ ಆಲ್ಕ್ ತೀರಾ ಮಸುಕಾಗಿತ್ತು. ಕೆಂಗೊ ತಾಕೆಯುಚಿ ಎಂಬ ರೋಗಶಾಸ್ತ್ರಜ್ಞರು ನಡುವೆ ಇನ್ನೊಂದು ಪದರ ಸೇರಿಸಿ ಅದು ಎದ್ದು ಕಾಣುವಂತೆ ಮಾಡಿದರು. ಇಂಥ ಕೆಲಸಕ್ಕೆ ಸುದ್ದಿಯಲ್ಲಿ ಜಾಗ ಸಿಗುವುದು ಕಡಿಮೆ. ನನ್ನ ಲೆಕ್ಕದಲ್ಲಿ ಇದು ಔಷಧಿ ಕಂಡುಹಿಡಿದಷ್ಟೇ ದೊಡ್ಡದು.

ಸೂಜಿ ಹಾಕಿ ತೆಗೆದ ಬಯಾಪ್ಸಿ ಚೂರು ಗಿಡ್ಡ ದಾರದಷ್ಟಿರುತ್ತದೆ. ಅದನ್ನು ಮೇಣದಲ್ಲಿ ಕೂರಿಸಿ, ತೆಳ್ಳಗೆ ಹೆರೆದು ನೋಡುತ್ತಾರೆ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ತಿಳಿಯುವುದರಲ್ಲೇ ಅದೆಲ್ಲ ಮುಗಿದರೆ, ಮತ್ತೆ ಸೂಜಿ ಹಾಕಬೇಕಾಗಬಹುದು. ನಿಮ್ಮವರಿಗೆ ಯಾರಿಗಾದರೂ ಈ ಕಾಯಿಲೆ ಎಂದು ತಿಳಿದರೆ, ಮೊದಲ ದಿನವೇ ಹೀಗೆ ಕೇಳಿ: "ಡಾಕ್ಟ್ರೇ, ಜೀನ್ ಪರೀಕ್ಷೆಗೆ ಸಾಕಾಗುವಷ್ಟು ಚೂರು ಉಳಿದಿದೆಯಾ?"

ನಮಸ್ಕಾರ.